ಕಾರಿನೊಳಗೆ ಮಳೆ

ಮುಂಬಯಿಯ ಮಳೆಗೆ ಮನೆಯ ಗೋಡೆ ಬೆವರುವುದನ್ನು ನಾವು ಬಹಳ ವರ್ಷಗಳಿಂದ ಬಲ್ಲೆವು. ಕಾರು ಸೋರುವುದನ್ನು ಕಂಡದ್ದು ಮಾತ್ರ ಕಳೆದ ಜೂನ್ ತಿಂಗಳಲ್ಲಿ. ಮೊಣಕಾಲು ನೋವಿನ ತಾಯಿಯವರನ್ನು ಮುಂದಿನ ಎಡಗಡೆಯ ಸೀಟಿನಲ್ಲಿ ಕೂಡಿಸಿಕೊಂಡು ಮಾಟುಂಗದಿಂದ ಹೊರಟಿದ್ದೆವು. "ಕಾಲು ತೊಯ್ಯಲಿಕ್ಕತ್ಯಾವಲ್ಲೋ, ಕಾರಿನಾಗೂ ಮಳಿ ಬರ್ತದೇನು?" ಎಂದರು. ಬಗ್ಗಿ ನೋಡಿದರೆ ಕಾಲಡಿಯ ಚಾಪೆಯೆಲ್ಲ ನೀರು. ಚೌತಿಗೆ ಅವರನ್ನು ಇದೇ ಕಾರಿನಲ್ಲಿ ಧಾರವಾಡಕ್ಕೆ ಕರೆದೊಯ್ಯುವೆವೆಂದು ಮಾತು ಕೊಟ್ಟಾಗಿತ್ತು.

ಗ್ಯಾರೇಜಿನವರು ಮುಂದಿನ ಗಾಜಿನ ಸುತ್ತ ಸಿಲಿಕೋನ್ ಬಳಿದು ಹಣ ಎಣಿಸಿಕೊಂಡರು. ಮರುದಿನದ ಮಳೆಗೆ ಚಾಪೆ ಮತ್ತೆ ತೊಯ್ದಿತು. ಹೊಟ್ಟೆನೋವಿಗೆ ಹಣೆಗೆ ಲೇಪ ಹಚ್ಚಿದಂತಾಯಿತು! ಅದೂ ನಿರುಪದ್ರವಿ ಲೇಪವಲ್ಲ. ವಿನೆಗರ್ ವಾಸನೆಯ ಸಿಲಿಕೋನ್ ತಗಡಿಗೆ ತುಕ್ಕು ತರಬಲ್ಲದು. ಮುಂದೆ ಗಾಜು ಬಿಚ್ಚಿ ಕೂಡಿಸಬೇಕಾಗಿ ಬಂದರೆ ಯೂರಿಥೇನ್ ಅಂಟು ಅದರ ಮೇಲೆ ಸರಿಯಾಗಿ ಹಿಡಿಯುವುದಿಲ್ಲ.

ಭಾನುವಾರ ನಾವೇ ಪರೀಕ್ಷೆಗೆ ನಿಂತೆವು. ಟಾರ್ಚು ಹಿಡಿದು ನಾವು ಒಳಗೆ, ನೀರಿನ ಪೈಪು ಹಿಡಿದು ಚಿರಂಜೀವಿ ಹೊರಗೆ. ನೀರನ್ನು ಮೆಲ್ಲಗೆ ಬಿಡಬೇಕು, ಕೆಳಗಿನಿಂದ ಮೇಲಕ್ಕೆ ಹೋಗಬೇಕು, ಒಂದೊಂದು ಜಾಗದಲ್ಲಿ ೫ ನಿಮಿಷವಾದರೂ ಕಾಯಬೇಕು. ಮೊದಲೇ ಛಾವಣಿಗೆ ಸುರಿದರೆ ಎಲ್ಲೆಡೆಯೂ ನೀರಿಳಿದು ಕಳ್ಳ ಯಾರೆಂಬುದೇ ತಿಳಿಯದು. ಬಾಗಿಲಿನ ಸುತ್ತಲಿನ ರಬ್ಬರಿಗೆ ಕಾಗದದ ಪಟ್ಟಿಯ ಪರೀಕ್ಷೆ ಸಾಕು: ಪಟ್ಟಿಯನ್ನು ನಡುವೆ ಇಟ್ಟು ಬಾಗಿಲು ಹಾಕಿ ಎಳೆಯಿರಿ, ಸಲೀಸಾಗಿ ಬಂದರೆ ಅಲ್ಲಿ ಹಿಡಿತವಿಲ್ಲ. ನಮ್ಮಲ್ಲಿ ಎಲ್ಲ ಕಡೆಯೂ ಬಿಗಿಯಾಗಿತ್ತು.

ನೀರು ಕಾಣಿಸಿದ್ದು ಎಡಬಾಗಿಲಿನ ಒಳಹಲಗೆಯ ತಳದಿಂದ. ಇಲ್ಲೊಂದು ಸಂಗತಿ ನಮಗೆ ಹೊಸದು. ಕಿಟಕಿಯ ಗಾಜಿನ ಮೇಲೆ ಬಿದ್ದ ಮಳೆಯಲ್ಲಿ ಒಂದಿಷ್ಟು ಬಾಗಿಲಿನ ಹೊಟ್ಟೆಯೊಳಕ್ಕೆ ಇಳಿಯುವುದು ಸಹಜವಂತೆ. ಅದು ಬಾಗಿಲಿನ ಕೆಳಅಂಚಿನ ಸಣ್ಣ ತೂತುಗಳಿಂದ ಹೊರಗೆ ಹರಿದುಹೋಗಬೇಕು. ನಾವು ಕೂರುವ ಕಡೆಗೆ ಬಾರದಂತೆ ಹಲಗೆಯ ಹಿಂದೆ ಪ್ಲಾಸ್ಟಿಕ್ ಹಾಳೆಯೊಂದನ್ನು ಅಂಟಿಸಿರುತ್ತಾರೆ. ಹಲಗೆ ಬಿಚ್ಚಿಸಿ ನೋಡಿದರೆ ತೂತುಗಳಲ್ಲಿ ಕೆಸರು. ಹಾಳೆ ಅರ್ಧ ಹರಿದು ಜೋತಾಡುತ್ತಿದೆ. ಎರಡು ವರ್ಷದ ಹಿಂದೆ ಸ್ಪೀಕರ್ ಕೂಡಿಸಿದವರು ಯಾರೆಂದು ನಾವು ಕೇಳಲಿಲ್ಲ. ಚಿರಂಜೀವಿ ಪೈಪು ಸುತ್ತುವುದರಲ್ಲಿ ಮಗ್ನನಾಗಿದ್ದ.

ಪ್ಲಾಸ್ಟಿಕ್ ಕಡ್ಡಿಯಿಂದ ತೂತು ಬಿಡಿಸಿ, ಹೊಸ ಹಾಳೆಯನ್ನು ಬ್ಯೂಟೈಲ್ ಟೇಪಿನಿಂದ ಅಂಟಿಸಿದ್ದಾಯಿತು. ಕಷ್ಟವಾದದ್ದು ಒಣಗಿಸುವುದು. ಕಾರ್ಪೆಟ್ಟಿನ ಮೇಲ್ಭಾಗ ಒಣಗಿದರೂ ಅಡಿಯ ಸ್ಪಂಜು ನೀರು ಬಿಡುವುದಿಲ್ಲ; ಬೂಸಲು ವಾಸನೆ, ನೆಲದ ತಗಡಿನ ತುಕ್ಕು ಎಲ್ಲಕ್ಕೂ ಅದೇ ತವರು. ಕಾರ್ಪೆಟ್ಟನ್ನು ಎತ್ತಿಟ್ಟು ೪ ದಿನ ಫ್ಯಾನು ಹಾಕಿದೆವು.

ಮಳೆಯಿಲ್ಲದ ದಿನವೂ ನೆಲ ಒದ್ದೆಯಾದರೆ ಕಿಟಕಿಯನ್ನು ದೂರಬೇಡಿ. ಏಸಿಯ ನೀರಿನ ಕೊಳವೆ ಕಟ್ಟಿರಬಹುದು.

ಚೌತಿಗೆ ಹೊರಟ ದಿನ ಖಂಬಾಟಕಿ ಘಾಟಿನಲ್ಲಿ ಜಡಿಮಳೆ. ಬೆಳಗಾವಿಯಲ್ಲಿ ಚಹಕ್ಕೆ ನಿಂತಾಗ ತಾಯಿಯವರು ಚಪ್ಪಲಿ ಕಳಚಿ, ಬರಿಗಾಲಿನಿಂದ ಚಾಪೆಯನ್ನು ಒತ್ತಿ ನೋಡಿದರು. "ಒಣಾನ ಅದ" ಎಂದು ಮೊಮ್ಮಗನ ಕಡೆ ತಿರುಗಿ, "ಇನ್ನ ಹಾಡು ಹಚ್ಚೋ" ಎಂದರು.