ಒಂದೇ ಈಡಿನ ಕೋವಿ



ಚೆನ್ನೈನ ರೈಲ್ವೆ ಸ್ಟೇಷನ್‌ಗಳ ಮುಂದೆ, ಗುಡಿಗಳ ಬಾಗಿಲಲ್ಲಿ ಮಣಿಸರ ಮಾರುವ ನರಿಕುರವರನ್ನು ನೀವೆಲ್ಲ ನೋಡಿರುತ್ತೀರಿ. ಆ ಹೆಸರಿನಲ್ಲಿರುವ 'ನರಿ' ನಮ್ಮ ಕನ್ನಡದ ನರಿಯೇ. ಇವರಿಗೆ ಕುರುವಿಕ್ಕಾರರು, ಅಂದರೆ ಹಕ್ಕಿ ಹಿಡಿಯುವವರು, ಎಂಬ ಹೆಸರೂ ಇದೆ. ನಮ್ಮ ಕರ್ನಾಟಕದ ಹಕ್ಕಿಪಿಕ್ಕಿ ಜನ ಇವರಿಗೆ ನೆಂಟರು. ಇಬ್ಬರ ಮನೆಮಾತೂ ಗುಜರಾತಿಗೆ ಹತ್ತಿರದ ವಾಗ್ರಿಬೋಲಿ. ಮಣಿಸರ ಹಿಡಿದ ಈ ಕೈಗಳಲ್ಲಿ ಒಂದು ಕಾಲಕ್ಕೆ ಬಲೆಯೂ ಇತ್ತು, ಕೋವಿಯೂ ಇತ್ತು.

ಅದು ಬಾಯಿಂದ ಮದ್ದು ತುಂಬುವ ನಾಡಕೋವಿ. ಪೆಟ್ಲುಪ್ಪು, ಗಂಧಕ, ಇದ್ದಿಲು ಸೇರಿಸಿ ಮಾಡಿದ ಕರಿಮದ್ದನ್ನು ಅಳೆದು ನಳಿಗೆಯ ಬಾಯಿಗೆ ಸುರಿಯಬೇಕು. ಮೇಲೆ ಬಟ್ಟೆಯದೋ ನಾರಿನದೋ ಉಂಡೆಯಿಟ್ಟು ಉದ್ದನೆಯ ಗಜದಿಂದ ಜಡಿಯಬೇಕು. ಆಮೇಲೆ ಚರೆ, ಅದು ಜಾರದಂತೆ ಮತ್ತೊಂದು ಉಂಡೆ. ಹಳೆಯ ಮಾದರಿಯಲ್ಲಿ ಕುದುರೆಯ ಬಾಯಲ್ಲಿ ಚಕಮಕಿ ಕಲ್ಲು ಇರುತ್ತಿತ್ತು. ಅದು ಉಕ್ಕಿಗೆ ಬಡಿದು ಕಿಡಿ ಹಾರಿದರೆ, ಪಕ್ಕದ ಪುಟ್ಟ ಬಟ್ಟಲಿನ ಮದ್ದು ಹೊತ್ತಿಕೊಂಡು, ಸಣ್ಣ ತೂತಿನಿಂದ ಬೆಂಕಿ ಒಳಕ್ಕೆ ಹೋಗುತ್ತಿತ್ತು. 19ನೇ ಶತಮಾನದಲ್ಲಿ ಕಲ್ಲಿನ ಜಾಗಕ್ಕೆ ಕೇಪು ಬಂತು. ತುಂಬುವ ರೀತಿ ಮಾತ್ರ ಹಾಗೆಯೇ ಉಳಿಯಿತು.

ಬಟ್ಟಲಿನ ಮದ್ದು ನೆನೆದರೆ ಕೆಲಸ ಕೆಟ್ಟಿತು. ಗುರಿ ತಪ್ಪಿದರೆ ಮತ್ತೆ ಮೊದಲಿಂದ ತುಂಬಬೇಕು, ಅಷ್ಟರಲ್ಲಿ ಬೇಟೆ ಕಾಣೆ! ಹಾಗಾಗಿ ನಿಜವಾದ ವಿದ್ಯೆ ಇದ್ದದ್ದು ಕೋವಿಯಲ್ಲಲ್ಲ, ಪ್ರಾಣಿಯ ಹತ್ತಿರ ಹೋಗುವುದರಲ್ಲಿ. ನರಿಯಂತೆಯೇ ಕೂಗಿ ನರಿಯನ್ನು ಬಲೆಗೆ ಕರೆಯುತ್ತಿದ್ದ ಈ ಜನರ ಜಾಣ್ಮೆಯನ್ನು, ನಮ್ಮ ಎಗ್ಮೋರ್ ಮ್ಯೂಸಿಯಂನ ಮುಖ್ಯಸ್ಥರಾಗಿದ್ದ ಎಡ್ಗರ್ ಥರ್ಸ್ಟನ್ 1909ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ದಾಖಲಿಸಿದ್ದಾರೆ.

ಆಮೇಲೆ ಕಾಲ ಬದಲಾಯಿತು. 1959ರ ಆಯುಧ ಕಾಯ್ದೆಯಡಿ ಇಂಥ ಕೋವಿಗೂ ಲೈಸೆನ್ಸ್ ಬೇಕು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. 1991ರ ತಿದ್ದುಪಡಿಯಿಂದ ಬೇಟೆಗೆ ಲೈಸೆನ್ಸ್ ಕೊಡುವ ಪದ್ಧತಿಯೂ ಹೋಯಿತು. ಕಾಡುಪ್ರಾಣಿಗಳು ಉಳಿಯಬೇಕಾದರೆ ಇಂಥ ಕಾನೂನು ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಶೋಕಿಗೆ ಬೇಟೆಯಾಡುತ್ತಿದ್ದವರು ಕಳೆದುಕೊಂಡದ್ದು ಒಂದು ಹವ್ಯಾಸ. ಇವರು ಕಳೆದುಕೊಂಡದ್ದು ಹೊಟ್ಟೆಪಾಡು.

ಕೋವಿ ಎಂದಕೂಡಲೇ ನಮಗೆ ಕೊಡಗು ನೆನಪಾಗುತ್ತದೆ, ಅಲ್ಲವೇ? ಅಲ್ಲಿ ಸೆಪ್ಟೆಂಬರಿನ ಕೈಲ್ ಪೊಳ್ದ್ ಹಬ್ಬಕ್ಕೆ ಕೋವಿಗೆ ಹೂವಿಟ್ಟು ಪೂಜೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನಿಂದ ವಿನಾಯಿತಿ ಇದೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ವಿಸ್ತರಿಸಿತು, ಕರ್ನಾಟಕ ಹೈಕೋರ್ಟ್ 2021ರಲ್ಲಿ ಎತ್ತಿಹಿಡಿಯಿತು. ಗಮನಿಸಿ, ಈ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ ಮಾತ್ರ, ಬೇಟೆಗಲ್ಲ. ಆದರೂ ಒಂದು ವ್ಯತ್ಯಾಸ ಉಂಟು. ಜಮೀನು, ಮನೆತನ ಇದ್ದವರ ಕೋವಿ ಗೌರವದ ವಸ್ತುವಾಗಿ ಉಳಿಯಿತು. ಊರೂರು ಅಲೆಯುವವರ ಕೋವಿಗೆ ಅನುಮಾನ ಅಂಟಿಕೊಂಡಿತು.

ಕರ್ನಾಟಕದಲ್ಲಿ ಹಕ್ಕಿಪಿಕ್ಕಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿ ಬಹಳ ಕಾಲವಾಗಿತ್ತು. ತಮಿಳುನಾಡಿನ ನರಿಕುರವರನ್ನು ಆ ಪಟ್ಟಿಗೆ ಸೇರಿಸುವ ಮಸೂದೆಗೆ ಸಂಸತ್ತು ಒಪ್ಪಿಗೆ ಕೊಟ್ಟದ್ದು 2022ರ ಡಿಸೆಂಬರಿನಲ್ಲಿ. ಬೇಟೆ ನಿಂತ ಮೇಲೆ ಎಷ್ಟು ವರ್ಷ ಕಾಯಬೇಕಾಯಿತು, ನೀವೇ ಲೆಕ್ಕ ಹಾಕಿ.

ಮುಂದಿನ ಸಲ ಮಣಿಸರ ಕೊಳ್ಳುವಾಗ ಚೌಕಾಸಿಗೆ ಇಳಿಯುವ ಮೊದಲು ಒಂದು ಗಳಿಗೆ ಮಾತಾಡಿಸಿ ನೋಡಿ. ತಾತ ನರಿಯ ಹಾಗೆ ಹೇಗೆ ಕೂಗುತ್ತಿದ್ದ ಎಂದು ಕೇಳಿ. ಯಾರಿಗೆ ಗೊತ್ತು, ಆ ಕೂಗು ಇನ್ನೂ ಯಾರದೋ ಗಂಟಲಲ್ಲಿ ಉಳಿದಿರಬಹುದು.