ಮಕ್ಕಳ ಎಮರ್ಜೆನ್ಸಿಗೂ ಒಂದು ಟೈಮ್‌ಟೇಬಲ್ ಇದೆ!

ಮಧ್ಯಾಹ್ನವೆಲ್ಲ ಚೆನ್ನಾಗಿ ಆಡಿಕೊಂಡಿದ್ದ ಮಗುವಿಗೆ ರಾತ್ರಿ ಎಂಟಕ್ಕೇ ಯಾಕೆ ಜ್ವರ ಏರುತ್ತೆ? ಕ್ಲಿನಿಕ್ ಬಾಗಿಲು ಹಾಕಿದ ಮೇಲೆಯೇ ಯಾಕೆ ಕೆಮ್ಮು ಜೋರಾಗುತ್ತೆ? ನಮ್ಮ ಗ್ರಹಚಾರ ಅಂದುಕೊಳ್ಳಬೇಡಿ. ಮಕ್ಕಳ ಎಮರ್ಜೆನ್ಸಿ ವಿಭಾಗಗಳಲ್ಲಿ ಸಂಜೆಯ ಮೇಲೆ ರಶ್ ಹೆಚ್ಚಾಗೋದು ಸಾಮಾನ್ಯ.

ಆರೋಗ್ಯವಾಗಿದ್ದಾಗಲೂ ನಮ್ಮ ಮೈ ಬಿಸಿ ಬೆಳಗ್ಗೆಗಿಂತ ಸಂಜೆ ಸ್ವಲ್ಪ ಹೆಚ್ಚು. ಜ್ವರ ಬಂದಾಗಲೂ ಅಷ್ಟೇ. ಆಸ್ತಮಾ, ನಾಯಿ ಬೊಗಳಿದಂಥ ಕೆಮ್ಮು ಬರುವ ಕ್ರೂಪ್ ಕೂಡ ರಾತ್ರಿಯೇ ಕಾಡೋದು ಜಾಸ್ತಿ. ಜೊತೆಗೆ, ಅಪ್ಪ-ಅಮ್ಮ ಆಫೀಸಿನಿಂದ ಬಂದು ಮಗುವಿನ ಹಣೆ ಮುಟ್ಟಿ ನೋಡೋದೂ ಅದೇ ಹೊತ್ತಿಗೆ!

ತಿಂಗಳಿಗೊಂದು ತೊಂದರೆ

ಏಪ್ರಿಲ್-ಮೇ ರಜೆಯಲ್ಲಿ ಬಿದ್ದು ಕೈ ಮುರಿದುಕೊಳ್ಳೋದು, ಕೆರೆ-ಕೃಷಿಹೊಂಡದ ಅಪಾಯ. ಮಳೆಗಾಲದಲ್ಲಿ ವಾಂತಿ-ಭೇದಿ, ಡೆಂಗಿ. ಮಳೆ-ಚಳಿ ಶುರುವಾದರೆ ಎಳೆಕೂಸುಗಳಿಗೆ ಕಫ ಕಟ್ಟಿ ಉಸಿರಾಟದ ತೊಂದರೆ. ದೀಪಾವಳಿ ಬಂತೆಂದರೆ ಬೆಂಗಳೂರಿನ ಮಿಂಟೋ ಆಸ್ಪತ್ರೆಗೆ ಕಣ್ಣಿಗೆ ಪಟಾಕಿ ಸಿಡಿದ ಮಕ್ಕಳು ಬರ್ತಾರೆ. ಅವರಲ್ಲಿ ಪಟಾಕಿ ಹಚ್ಚದೆ ಸುಮ್ಮನೆ ನೋಡುತ್ತಾ ನಿಂತವರೂ ಇರ್ತಾರೆ.

ವಯಸ್ಸಿಗೂ ಲೆಕ್ಕ ಇದೆ. ಜ್ವರದ ಫಿಟ್ಸ್ ಬರೋದು ಹೆಚ್ಚಾಗಿ 6 ತಿಂಗಳಿಂದ 5 ವರ್ಷದೊಳಗೆ. 100 ಮಕ್ಕಳಲ್ಲಿ 2ರಿಂದ 5 ಮಕ್ಕಳಿಗೆ. ಅಂಬೆಗಾಲಿಡುವ, ಆಗಷ್ಟೇ ನಡೆಯಲು ಕಲಿತ ಮಕ್ಕಳು ನಾಣ್ಯ, ಬ್ಯಾಟರಿ, ಬಾಟಲಿಯಲ್ಲಿಟ್ಟ ಸೀಮೆಎಣ್ಣೆ, ಹೀಗೆ ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕ್ತಾರೆ.

ಯಾವಾಗ ಓಡಬೇಕು?

ಥರ್ಮಾಮೀಟರ್ ನಂಬರ್‌ಗಿಂತ ಮಗು ಹೇಗಿದೆ ಅನ್ನೋದು ಮುಖ್ಯ. ಜ್ವರ ಇಳಿದಾಗ ಆಡುತ್ತಾ, ನೀರು ಕುಡಿಯುತ್ತಾ ಇದ್ದರೆ ಸಾಮಾನ್ಯವಾಗಿ ಬೆಳಗ್ಗೆ ಡಾಕ್ಟರಿಗೆ ತೋರಿಸಬಹುದು. ಆದರೆ ಇವಕ್ಕೆ ಕಾಯಬೇಡಿ:

• 3 ತಿಂಗಳೊಳಗಿನ ಕೂಸಿಗೆ 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಹೆಚ್ಚು ಜ್ವರ.

• ಉಸಿರಾಡುವಾಗ ಪಕ್ಕೆ ಒಳಗೆ ಸೆಳೆಯೋದು, ತುಟಿ ನೀಲಿಯಾಗೋದು.

• ಮೊದಲ ಸಲ ಫಿಟ್ಸ್. ಬಾಯಿಗೆ ಏನೂ ಹಾಕದೆ ಮಗ್ಗುಲಿಗೆ ಮಲಗಿಸಿ. 5 ನಿಮಿಷ ದಾಟಿದರೆ ತಕ್ಷಣ 108ಕ್ಕೆ ಕರೆ ಮಾಡಿ.

• ಎಬ್ಬಿಸಿದರೂ ಮಂಪರು, ತುಂಬಾ ಹೊತ್ತು ಮೂತ್ರವೇ ಇಲ್ಲ.

• ಬಟನ್ ಬ್ಯಾಟರಿ ನುಂಗಿದ ಅನುಮಾನ. ಅನ್ನನಾಳದಲ್ಲಿ ಸಿಕ್ಕಿಕೊಂಡರೆ 2 ಗಂಟೆಯೊಳಗೇ ಸುಡಬಹುದು.

ಡೆಂಗಿ ವಿಷಯದಲ್ಲಿ ಒಂದು ಎಚ್ಚರ. ಜ್ವರ ಬಿಟ್ಟಿತು ಅಂತ ನಿರಾಳವಾಗುವ ಹೊತ್ತೇ ಅಪಾಯದ ಹೊತ್ತು. ಆಗ ಹೊಟ್ಟೆನೋವು, ಮತ್ತೆ ಮತ್ತೆ ವಾಂತಿ, ಒಸಡಲ್ಲಿ ರಕ್ತ ಕಂಡರೆ ಕೂಡಲೇ ಆಸ್ಪತ್ರೆಗೆ ಹೊರಡಿ.

ಒಂದು ಕೆಲಸ ಇವತ್ತೇ ಮಾಡಿ. ಮನೆ ಹತ್ತಿರ ರಾತ್ರಿಯೂ ಮಕ್ಕಳ ಡಾಕ್ಟರ್ ಇರುವ ಆಸ್ಪತ್ರೆ ಯಾವುದು ಅಂತ ವಿಚಾರಿಸಿಟ್ಟುಕೊಳ್ಳಿ. ಅದರ ನಂಬರನ್ನೂ, ಮಗುವಿನ ತೂಕವನ್ನೂ ಫ್ರಿಜ್ ಮೇಲೆ ಬರೆದು ಅಂಟಿಸಿ. ಔಷಧಿಯ ಡೋಸ್ ತೂಕದ ಮೇಲೆಯೇ ನಿರ್ಧಾರವಾಗೋದು. ನೀವು ಆಫೀಸಿನಲ್ಲಿದ್ದಾಗ ಮಗು ನೋಡಿಕೊಳ್ಳುವ ಅಜ್ಜಿಗೂ ಅದು ಕಣ್ಣಿಗೆ ಬೀಳುವಂತಿರಲಿ.