ಲಿಂಕನ್, ಅಂತರ್ಯುದ್ಧ ಮತ್ತು ಧಾರವಾಡದ ಹತ್ತಿ

ಅಂತರ್ಯುದ್ಧಕ್ಕೆ ಉರ್ದುವಿನಲ್ಲಿ ನಾವು 'ಖಾನಾಜಂಗಿ' ಎನ್ನುತ್ತೇವೆ. ಖಾನಾ ಎಂದರೆ ಮನೆ, ಜಂಗ್ ಎಂದರೆ ಯುದ್ಧ. 1861ರಿಂದ 1865ರವರೆಗೆ ಅಮೆರಿಕದಲ್ಲಿ ನಡೆದದ್ದು ಇಂಥ ಮನೆಯೊಳಗಿನ ಯುದ್ಧವೇ. ಅಧ್ಯಕ್ಷ ಅಬ್ರಹಾಂ ಲಿಂಕನ್ ಅವರ ಪತ್ನಿಯ ಮಲಸಹೋದರರು ಎದುರಾಳಿ ಸೈನ್ಯದಲ್ಲಿದ್ದರು.

1861ರ ಮಾರ್ಚ್ 4ರಂದು ಲಿಂಕನ್ ಅಧಿಕಾರ ವಹಿಸಿಕೊಳ್ಳುವ ಮೊದಲೇ, ಗುಲಾಮಗಿರಿ ಉಳಿಯಬೇಕೆಂದು ದಕ್ಷಿಣದ 7 ರಾಜ್ಯಗಳು ಒಕ್ಕೂಟ ಬಿಟ್ಟಿದ್ದವು. ಯುದ್ಧ ಶುರುವಾದ ಮೇಲೆ ಇನ್ನೂ 4 ರಾಜ್ಯಗಳು ಹೊರಹೋದವು. ಆಗ ಲಿಂಕನ್ ಹಣ ಮತ್ತು ವ್ಯಾಪಾರವನ್ನು ಹೇಗೆ ನಿಭಾಯಿಸಿದರು ಎಂಬುದನ್ನು ವಾಣಿಜ್ಯ ವಿದ್ಯಾರ್ಥಿಗಳಾದ ನಾವು ತಿಳಿಯಬೇಕು.

ದಕ್ಷಿಣದವರ ದೊಡ್ಡ ಆದಾಯ ಹತ್ತಿಯ ರಫ್ತಿನಿಂದ ಬರುತ್ತಿತ್ತು. ಏಪ್ರಿಲ್ 19ರಂದು ಲಿಂಕನ್ ಅವರ ಬಂದರುಗಳಿಗೆ ನೌಕಾ ದಿಗ್ಬಂಧನ ಘೋಷಿಸಿದರು. ಹತ್ತಿ ಹೊರಹೋಗುವುದು ಕುಸಿಯಿತು. ಸರಕು ಒಳಬರುವುದೂ ಕಷ್ಟವಾಯಿತು. ನಮ್ಮ ಕಡೆ ಕಾಫಿಗೆ ಚಿಕೋರಿ ಬೆರೆಸುವುದು ರುಚಿಗಾಗಿ. ಅಲ್ಲಿಯ ಜನ ಕಾಫಿಯೇ ಸಿಗದೆ ಚಿಕೋರಿ, ಹುರಿದ ಧಾನ್ಯ, ಗೆಣಸನ್ನು ಕುದಿಸಿ ಕುಡಿದರು.

ಯುದ್ಧದ ಖರ್ಚಿಗಾಗಿ 1861ರಲ್ಲಿ ಅಮೆರಿಕದ ಮೊದಲ ಕೇಂದ್ರ ಆದಾಯ ತೆರಿಗೆ ಬಂತು. 1862ರಲ್ಲಿ 'ಗ್ರೀನ್‌ಬ್ಯಾಕ್' ಎಂಬ ಕಾಗದದ ನೋಟು ಬಂತು. ನೋಟಿನ ಬೆಲೆ ಇಳಿಯಿತು, ಆದರೆ ತೆರಿಗೆ ಮತ್ತು ಸಾಲಪತ್ರಗಳ ಬೆಂಬಲದಿಂದ ನಿಂತಿತು. ದಕ್ಷಿಣದ ಸರ್ಕಾರ ಹೆಚ್ಚಾಗಿ ನೋಟು ಮುದ್ರಿಸಿಯೇ ಯುದ್ಧ ನಡೆಸಿತು. ಅಲ್ಲಿ ಬೆಲೆಗಳು ಹತ್ತಾರು ಪಟ್ಟು ಏರಿದವು.

ದಿಗ್ಬಂಧನದ ಬಿಸಿ ಹೊರದೇಶಗಳಿಗೂ ತಟ್ಟಿತು. ಹತ್ತಿಯಿಲ್ಲದೆ ಇಂಗ್ಲೆಂಡಿನ ಲಂಕಾಶೈರ್ ಗಿರಣಿಗಳು ನಿಂತವು. ವ್ಯಾಪಾರಿಗಳು ಮುಂಬೈ ಕಡೆ ತಿರುಗಿದರು. ಅಮೆರಿಕದ ನ್ಯೂ ಆರ್ಲಿಯನ್ಸ್ ತಳಿಯನ್ನು 1840ರ ದಶಕದಿಂದಲೇ ಬೆಳೆಯುತ್ತಿದ್ದ ಧಾರವಾಡದ ಹತ್ತಿಗೆ ಭಾರಿ ಬೆಲೆ ಬಂತು. ಆ ಹತ್ತಿಯನ್ನು ಕಾರವಾರ ಬಂದರಿನಿಂದ ಸಾಗಿಸಬೇಕೆಂಬ ಒತ್ತಡವಿತ್ತು. 1862ರಲ್ಲಿ ಕೆನರಾ ಜಿಲ್ಲೆ ಒಡೆದು ಉತ್ತರ ಕನ್ನಡ ಮುಂಬೈ ಪ್ರಾಂತ್ಯಕ್ಕೆ ಸೇರಲು ಅದೂ ಒಂದು ಕಾರಣ. 1865ರಲ್ಲಿ ಯುದ್ಧ ಮುಗಿದಾಗ ಬೆಲೆ ಕುಸಿಯಿತು. ಬ್ರೆಜಿಲ್‌ನಲ್ಲಿ ಬರ ಬಂದರೆ ಕಳಸದಲ್ಲಿ ಕಾಫಿ ಬೆಲೆ ಏರುವುದನ್ನು ಕಂಡ ನಮಗೆ ಇದು ಅರ್ಥವಾಗುತ್ತದೆ.

ಗಿರಣಿ ಮುಚ್ಚಿದರೆ ಇಂಗ್ಲೆಂಡ್ ತಮ್ಮ ಪರ ಬರುತ್ತದೆ ಎಂದು ದಕ್ಷಿಣದವರು ಲೆಕ್ಕ ಹಾಕಿದ್ದರು. ಲೆಕ್ಕ ತಪ್ಪಿತು. 1862ರ ಡಿಸೆಂಬರ್ 31ರಂದು ಮ್ಯಾಂಚೆಸ್ಟರ್‌ನ ಕಾರ್ಮಿಕರು ಸಭೆ ಸೇರಿ, ಗುಲಾಮಗಿರಿಯ ವಿರುದ್ಧ ನಿಂತ ಲಿಂಕನ್ ಅವರಿಗೆ ಬೆಂಬಲದ ಪತ್ರ ಕಳಿಸಿದರು. ಮರುದಿನ ಲಿಂಕನ್ ವಿಮೋಚನಾ ಘೋಷಣೆಗೆ ಸಹಿ ಹಾಕಿದರು. ಜನವರಿ 19ರಂದು, ಆ ಕಾರ್ಮಿಕರ ಕಷ್ಟವನ್ನು ಒಪ್ಪಿಕೊಂಡು ಕೃತಜ್ಞತೆಯ ಉತ್ತರ ಬರೆದರು.

ಲಿಂಕನ್ ದೋಷವಿಲ್ಲದ ನಾಯಕರಲ್ಲ. ವಿಚಾರಣೆಯಿಲ್ಲದೆ ಜನರನ್ನು ಬಂಧನದಲ್ಲಿಡಲು ಅವರು ಅವಕಾಶ ಕೊಟ್ಟರು. ವಿಮೋಚನಾ ಘೋಷಣೆ ಬಂಡೆದ್ದ ಪ್ರದೇಶಗಳಿಗೆ ಮಾತ್ರ ಅನ್ವಯಿಸಿತು. ದೇಶದಾದ್ಯಂತ ಗುಲಾಮಗಿರಿ ರದ್ದಾದದ್ದು 1865ರ ಡಿಸೆಂಬರ್‌ನಲ್ಲಿ, ಸಂವಿಧಾನದ 13ನೇ ತಿದ್ದುಪಡಿಯಿಂದ. ಅಷ್ಟರಲ್ಲಿ ಲಿಂಕನ್ ಹತ್ಯೆಯಾಗಿತ್ತು. ಆದರೆ ಸೋಲುವ ಭಯವಿದ್ದರೂ 1864ರ ಚುನಾವಣೆಯನ್ನು ಅವರು ಮುಂದೂಡಲಿಲ್ಲ.

ದೊಡ್ಡ ನಿರ್ಧಾರಕ್ಕೆ ಯಾರೋ ಬೆಲೆ ತೆರಲೇಬೇಕು. ಬೆಲೆ ತೆರುವವರಿಗೆ ಕಾರಣ ಹೇಳುವುದು, ಅವರ ಮತ ಕೇಳುವುದು ನಾಯಕನ ಕರ್ತವ್ಯ. ಲಿಂಕನ್ ಮ್ಯಾಂಚೆಸ್ಟರ್ ಕಾರ್ಮಿಕರಿಗೆ ಕಾರಣ ಹೇಳಿದರು, ತಮ್ಮ ಜನರ ಮತ ಕೇಳಿದರು. ಪರರ ಆಳ್ವಿಕೆಯಲ್ಲಿದ್ದ ಧಾರವಾಡದ ರೈತನಿಗೆ ಮಾತ್ರ ಆ ಎರಡೂ ಸಿಗಲಿಲ್ಲ.